ಕರ್ನಾಟಕದ ನರ್ಸ್‌ಗಳಿಗೆ ಬ್ರಿಟನ್ ಎನ್‌ಎಂಸಿ ನೋಂದಣಿ: ಯಾವುದು ಮೊದಲು, ಯಾವುದು ಆಮೇಲೆ

"ಓಇಟಿ ಪಾಸಾಗಿದೆ, ಸಿಬಿಟಿ ಪಾಸಾಗಿದೆ, ಆದರೂ ಅರ್ಜಿ ಮುಂದೆ ಹೋಗ್ತಿಲ್ಲ." ಓಇಟಿ ಎಂದರೆ ಆರೋಗ್ಯ ಕ್ಷೇತ್ರದವರ ಇಂಗ್ಲಿಷ್ ಪರೀಕ್ಷೆ, ಸಿಬಿಟಿ ಎಂದರೆ ಕಂಪ್ಯೂಟರ್‌ನಲ್ಲಿ ಬರೆಯುವ ನರ್ಸಿಂಗ್ ಪರೀಕ್ಷೆ. ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ವಿಚಾರಿಸಿದರೆ ಹೆಚ್ಚಿನವರ ಕಥೆ ಒಂದೇ. ಓದಿನಲ್ಲಿ ಅವರು ಹಿಂದೆ ಬಿದ್ದಿರುವುದಿಲ್ಲ. ಕೆಲಸದ ಕ್ರಮ ತಪ್ಪಿರುತ್ತದೆ. ಕೌನ್ಸಿಲ್ ದಾಖಲೆ ಸರಿಯಾಗುವ ಹೊತ್ತಿಗೆ ಇಂಗ್ಲಿಷ್ ಪರೀಕ್ಷೆಯ ಅವಧಿ ಮುಗಿಯುತ್ತದೆ. ಕೆಲಸ ಸಿಗುವ ಮೊದಲೇ ತೆಗೆಸಿದ ಪೊಲೀಸ್ ಸರ್ಟಿಫಿಕೇಟ್ ಹಳೆಯದಾಗುತ್ತದೆ. ದುಡ್ಡೂ ಹೋಯಿತು, ವರ್ಷವೂ ಹೋಯಿತು.

ಕರ್ನಾಟಕದಲ್ಲಿ ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಮುಗಿಸಿ, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬ್ರಿಟನ್‌ನಲ್ಲಿ ನರ್ಸ್ ಆಗಿ ಕೆಲಸ ಮಾಡಲು ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್, ಅಂದರೆ ಎನ್‌ಎಂಸಿ, ಕೊಡುವ ಪಿನ್ ನಂಬರ್, ಅಂದರೆ ನೋಂದಣಿ ಸಂಖ್ಯೆ, ಬೇಕೇ ಬೇಕು. ನಮ್ಮ ಜಿಎನ್‌ಎಂ, ಬಿಎಸ್ಸಿ ಎರಡೂ ನಡೆಯುತ್ತವೆ. ಇವನ್ನು ಓದಿದವರು ಸಾಮಾನ್ಯವಾಗಿ ಅಡಲ್ಟ್ ನರ್ಸ್ ವಿಭಾಗದಲ್ಲಿ ಅರ್ಜಿ ಹಾಕುತ್ತಾರೆ. ಎಎನ್‌ಎಂ ಒಂದರಿಂದಲೇ ಈ ದಾರಿ ತೆರೆಯುವುದಿಲ್ಲ. ಅಮೆರಿಕ, ಆಸ್ಟ್ರೇಲಿಯಾ, ಗಲ್ಫ್ ದೇಶಗಳ ನಿಯಮ ಬೇರೆ, ಅವನ್ನು ಇದರ ಜೊತೆ ಬೆರೆಸಬೇಡಿ.

ಶುರು ಮಾಡುವ ಮೊದಲು ಕೈಯಲ್ಲಿರಬೇಕಾದದ್ದು

ಪಾಸ್‌ಪೋರ್ಟ್, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಮಾರ್ಕ್ಸ್‌ಕಾರ್ಡ್, ನರ್ಸಿಂಗ್‌ನ ಎಲ್ಲ ವರ್ಷದ ಮಾರ್ಕ್ಸ್‌ಕಾರ್ಡ್, ಡಿಪ್ಲೊಮಾ ಅಥವಾ ಡಿಗ್ರಿ ಸರ್ಟಿಫಿಕೇಟ್, ಕೌನ್ಸಿಲ್ ನೋಂದಣಿ ಪತ್ರ, ಕೆಲಸ ಮಾಡಿದ ಪ್ರತಿ ಆಸ್ಪತ್ರೆಯ ಎಕ್ಸ್‌ಪೀರಿಯೆನ್ಸ್ ಲೆಟರ್. ಎಲ್ಲವನ್ನೂ ಬಣ್ಣದಲ್ಲಿ ಸ್ಕ್ಯಾನ್ ಮಾಡಿಸಿ. ಮೊಬೈಲ್‌ನಲ್ಲಿ ತೆಗೆದ ಓರೆ ಫೋಟೊ ಬೇಡ.

ಒರಿಜಿನಲ್ಸ್ ಎಲ್ಲಿವೆ ಎಂದು ಇವತ್ತೇ ನೋಡಿಕೊಳ್ಳಿ. ಫೀಸ್ ಬಾಕಿ ಇದೆ ಎಂದು ಕಾಲೇಜಿನಲ್ಲೋ, ಬಾಂಡ್ ಇದೆ ಎಂದು ಆಸ್ಪತ್ರೆಯಲ್ಲೋ ಅವು ಉಳಿದಿದ್ದರೆ ಬಿಡಿಸಿಕೊಳ್ಳುವುದೇ ಮೊದಲ ಕೆಲಸ. ವೀಸಾ ಹತ್ತಿರ ಬಂದಾಗ ಹೋಗಿ ಕೇಳಿದರೆ ನಿಮ್ಮ ಅವಸರ ಅವರಿಗೂ ಗೊತ್ತಾಗುತ್ತದೆ.

ಇನ್ನೊಂದು ವಿಷಯ. ಈ ಇಡೀ ಪ್ರಕ್ರಿಯೆಗೆ ನಿಮ್ಮದೇ ಒಂದು ಇಮೇಲ್ ಇರಲಿ. ಏಜೆಂಟ್ ಮಾಡಿಕೊಟ್ಟ ಇಮೇಲ್‌ನಲ್ಲಿ ಎನ್‌ಎಂಸಿ ಖಾತೆ ತೆರೆದರೆ ನಿಮ್ಮ ಅರ್ಜಿಯ ಬೀಗದ ಕೈ ಅವರ ಹತ್ತಿರ ಇದ್ದಂತೆ.

ಹಂತ 1: ಹೆಸರು ಮತ್ತು ಜನ್ಮದಿನ ಎಲ್ಲ ಕಡೆ ಒಂದೇ ಮಾಡಿ

ನಮ್ಮ ಕಡೆಯ ಅರ್ಜಿಗಳು ಅತಿ ಹೆಚ್ಚು ಸಿಕ್ಕಿಬೀಳುವುದು ಇಲ್ಲೇ. ನಮಗೆ ಇನಿಷಿಯಲ್ ಇರುತ್ತದೆ, ಸರ್‌ನೇಮ್ ಇರುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ "ಕವಿತಾ ಎಂ", ಪಾಸ್‌ಪೋರ್ಟ್‌ನಲ್ಲಿ "ಕವಿತಾ ಮಂಜಪ್ಪ", ಮದುವೆಯಾದ ಮೇಲೆ ಆಧಾರ್‌ನಲ್ಲಿ ಗಂಡನ ಹೆಸರು. ಒಂದು ಕಡೆ ಇಂಗ್ಲಿಷಿನ ಎಚ್ ಅಕ್ಷರ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ನಮಗೆ ಇವೆಲ್ಲ ಒಬ್ಬಳೇ ಕವಿತಾ. ಲಂಡನ್‌ನಲ್ಲಿ ಕೂತು ಕಡತ ನೋಡುವವರಿಗೆ ಇವರು ಮೂವರು.

ಪಾಸ್‌ಪೋರ್ಟ್‌ನಲ್ಲಿರುವ ಹೆಸರನ್ನೇ ಅಳತೆಗೋಲು ಮಾಡಿಕೊಳ್ಳಿ. ಎನ್‌ಎಂಸಿ ಖಾತೆ, ಓಇಟಿ ಅಥವಾ ಐಇಎಲ್‌ಟಿಎಸ್, ಸಿಬಿಟಿ ಬುಕಿಂಗ್, ಎಲ್ಲದರಲ್ಲೂ ಅಕ್ಷರ ತಪ್ಪದೆ ಅದೇ ಹೆಸರು ಬರಬೇಕು. ಕೌನ್ಸಿಲ್ ನೋಂದಣಿಯಲ್ಲಿ ಬೇರೆ ಇದ್ದರೆ ಮೊದಲು ಅಲ್ಲಿ ತಿದ್ದಿಸಲು ಅರ್ಜಿ ಕೊಡಿ. ಪಾಸ್‌ಪೋರ್ಟನ್ನೇ ಬದಲಿಸುವ ಯೋಚನೆ ಇದ್ದರೆ, ಮದುವೆ ಹತ್ತಿರದಲ್ಲಿದ್ದರೆ, ಅದನ್ನು ಈಗಲೇ ತೀರ್ಮಾನಿಸಿ. ಪರೀಕ್ಷೆ ಬರೆದ ಮೇಲೆ ಹೆಸರು ಬದಲಾದರೆ ಪ್ರತಿಯೊಂದು ಕಡೆಗೂ ವಿವರಣೆ ಕೊಡುತ್ತಾ ಕೂರಬೇಕಾಗುತ್ತದೆ.

ಅಪಾಯದ ಸೂಚನೆ: "ಒಂದು ಅಫಿಡವಿಟ್ ಮಾಡಿಸಿಬಿಡಿ, ಸಾಕು" ಎಂದು ಯಾರಾದರೂ ಹೇಳಿದರೆ ತಕ್ಷಣ ಒಪ್ಪಬೇಡಿ. ನೋಟರಿ ಅಫಿಡವಿಟ್ ನಮ್ಮಲ್ಲಿ ಬಹಳ ಕಡೆ ನಡೆಯುತ್ತದೆ. ವಿದೇಶಿ ಸಂಸ್ಥೆ ಅದನ್ನು ಒಪ್ಪಲೇಬೇಕೆಂದಿಲ್ಲ. ಮೂಲ ದಾಖಲೆ ತಿದ್ದಿಸುವುದು ನಿಧಾನ, ಆದರೆ ಗಟ್ಟಿ.

ಹಂತ 2: ಕೌನ್ಸಿಲ್ ನೋಂದಣಿ ಚಾಲ್ತಿಯಲ್ಲಿದೆಯೇ ನೋಡಿ

ನೋಂದಣಿ ಪತ್ರ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದ್ದರೆ ಇಳಿಸಿ, ನವೀಕರಣದ ದಿನಾಂಕ ನೋಡಿ. ಅವಧಿ ಮುಗಿದಿದ್ದರೆ ಮೊದಲು ನವೀಕರಿಸಿ. ಬಿಎಸ್ಸಿ ಮಾಡಿದವರ ಪರೀಕ್ಷೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು, ಜಿಎನ್‌ಎಂನವರದ್ದು ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯದ್ದು. ಪರೀಕ್ಷೆ ಯಾರು ನಡೆಸಿದ್ದರೂ ನೀವು ನೋಂದಾಯಿತ ನರ್ಸ್ ಎಂದು ಹೇಳಬೇಕಾದದ್ದು ಕೌನ್ಸಿಲ್.

ಆ ದೃಢೀಕರಣವನ್ನು ಕೌನ್ಸಿಲ್ ನೇರವಾಗಿ ಎನ್‌ಎಂಸಿಗೆ ಕಳಿಸಬೇಕು. ನೀವೇ ಪತ್ರ ತಂದು ಸ್ಕ್ಯಾನ್ ಮಾಡಿ ಹಾಕಿದರೆ ನಡೆಯುವುದಿಲ್ಲ. ಇದು ಗೊತ್ತಿಲ್ಲದೆ ಊರಿಂದ ಬೆಂಗಳೂರಿಗೆ ರಾತ್ರಿ ಬಸ್ ಹತ್ತಿ, ಪತ್ರ ಕೈಗೆ ತೆಗೆದುಕೊಂಡು ಖುಷಿಯಿಂದ ವಾಪಸ್ ಹೋದವರಿದ್ದಾರೆ. ಅರ್ಜಿ ಕೊಡುವಾಗ ರಸೀದಿ ಮತ್ತು ಅರ್ಜಿ ಸಂಖ್ಯೆ ಇಟ್ಟುಕೊಳ್ಳಿ. ಕಳಿಸಿದ ದಿನಾಂಕ ಕೇಳಿ ಬರೆದಿಟ್ಟುಕೊಳ್ಳಿ.

ನಡುವೆ ದೆಹಲಿ ಅಥವಾ ಮುಂಬೈಗೆ ಹೋಗಿ ಅಲ್ಲಿನ ಕೌನ್ಸಿಲ್‌ಗೆ ನೋಂದಣಿ ವರ್ಗಾಯಿಸಿಕೊಂಡಿದ್ದರೆ ಅದನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ಗಲ್ಫ್‌ನಲ್ಲಿ ಲೈಸೆನ್ಸ್ ಇದ್ದರೂ ಹಾಗೆಯೇ, ಅಲ್ಲಿನ ದೃಢೀಕರಣವೂ ಬೇಕಾಗಬಹುದು.

ಹಂತ 3: ಇಂಗ್ಲಿಷ್ ಪರೀಕ್ಷೆ

ಹೆಸರು, ಕೌನ್ಸಿಲ್ ಎರಡೂ ಸರಿಯಾಗುವ ದಾರಿಯಲ್ಲಿವೆ ಎಂದು ಖಾತ್ರಿಯಾದ ಮೇಲೆಯೇ ಪರೀಕ್ಷೆಯ ದಿನ ಬುಕ್ ಮಾಡಿ. ಓದು ಇವತ್ತೇ ಶುರುವಾಗಲಿ, ಬುಕಿಂಗ್ ಕಾಯಲಿ. ಏಕೆಂದರೆ ಈ ಫಲಿತಾಂಶಕ್ಕೆ ಇರುವ ಆಯಸ್ಸು ಎರಡೇ ವರ್ಷ.

ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಐಇಎಲ್‌ಟಿಎಸ್ ಆದರೆ ಅಕಾಡೆಮಿಕ್ ಮಾದರಿ. ಒಟ್ಟು 7, ಓದುವುದು, ಕೇಳುವುದು, ಮಾತನಾಡುವುದು ಪ್ರತಿಯೊಂದರಲ್ಲೂ 7, ಬರವಣಿಗೆಯಲ್ಲಿ 6.5 ಬೇಕು. ಓಇಟಿ ಆದರೆ ಬರವಣಿಗೆಗೆ ಸಿ ಪ್ಲಸ್, ಅಂದರೆ 300 ಸಾಕು. ಉಳಿದ ಮೂರಕ್ಕೆ ಬಿ, ಅಂದರೆ 350 ಬೇಕು. ವಾರ್ಡ್‌ನಲ್ಲಿ ಕೆಲಸ ಮಾಡಿದವರಿಗೆ ನಾನು ಹೇಳುವುದು ಓಇಟಿ. ಫೀಸ್ ಜಾಸ್ತಿ ನಿಜ, ಆದರೆ ಅದರಲ್ಲಿ ಬರುವುದೆಲ್ಲ ರೋಗಿ, ಔಷಧಿ, ಡಿಸ್ಚಾರ್ಜ್.

ಒಂದೇ ಸಲಕ್ಕೆ ಎಲ್ಲ ಬರಲಿಲ್ಲ ಅಂತ ಕುಗ್ಗಬೇಡಿ. 12 ತಿಂಗಳ ಒಳಗೆ ಬರೆದ ಒಂದೇ ಬಗೆಯ ಎರಡು ಪರೀಕ್ಷೆಗಳ ಅಂಕ ಸೇರಿಸಲು ಎನ್‌ಎಂಸಿ ಬಿಡುತ್ತದೆ. ಆದರೆ ತಳಮಟ್ಟ ಒಂದಿದೆ. ಓಇಟಿಯಲ್ಲಿ ಬರವಣಿಗೆ ಸಿಗಿಂತ, ಉಳಿದವು ಸಿ ಪ್ಲಸ್‌ಗಿಂತ ಕೆಳಗೆ ಇಳಿದಿರಬಾರದು. ಐಇಎಲ್‌ಟಿಎಸ್‌ನಲ್ಲಿ ಬರವಣಿಗೆ 6, ಉಳಿದವು 6.5ಕ್ಕಿಂತ ಕಡಿಮೆ ಇರಬಾರದು. ಎರಡನೇ ಸಲ ಸ್ಪೀಕಿಂಗ್ ಒಂದನ್ನೇ ತಯಾರಿ ಮಾಡಿ, ರೀಡಿಂಗ್ ನೆಲಕಚ್ಚಿದರೆ ಸೇರಿಸಲು ಆಗುವುದಿಲ್ಲ.

ಎಲ್ಲಿ ಎಡವುತ್ತೇವೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಓಇಟಿ ರೀಡಿಂಗ್‌ನ ಎ ಭಾಗಕ್ಕೆ 15 ನಿಮಿಷ, 20 ಪ್ರಶ್ನೆ. ಸಮಯ ಮುಗಿದ ಮೇಲೆ ಆ ಭಾಗಕ್ಕೆ ಮರಳಲಾಗದು. ಮೊದಲಿಂದ ಕೊನೆವರೆಗೆ ಓದುತ್ತಾ ಕೂತರೆ ಅರ್ಧವೂ ಮುಗಿಯುವುದಿಲ್ಲ. ಪ್ರಶ್ನೆ ನೋಡಿ ಉತ್ತರ ಹುಡುಕುವ ಅಭ್ಯಾಸವಾಗಬೇಕು, ಅದೂ ದಿನಾ ಗಡಿಯಾರ ಇಟ್ಟುಕೊಂಡು.

ಬರವಣಿಗೆಯಲ್ಲಿ ಕೊಟ್ಟ ಕೇಸ್ ನೋಟ್ಸ್‌ನಿಂದ 180ರಿಂದ 200 ಪದಗಳ ಪತ್ರ ಬರೆಯಬೇಕು. ನಾವು ಹ್ಯಾಂಡೋವರ್ ಕೊಟ್ಟು ರೂಢಿಯಾದವರು, ಒಂದೂ ಬಿಡದೆ ಎಲ್ಲ ತುಂಬಿಸುತ್ತೇವೆ. ಅದೇ ತಪ್ಪು. ಪತ್ರ ಓದುವವರು ಯಾರು, ಅವರಿಂದ ಏನಾಗಬೇಕು ಎನ್ನುವುದು ಮೊದಲ ಪ್ಯಾರಾದಲ್ಲೇ ಬರಲಿ. ಮಂಡಿ ಆಪರೇಷನ್ ಆದವರನ್ನು ಫಿಸಿಯೊಗೆ ಕಳಿಸುವಾಗ 20 ವರ್ಷದ ಹಿಂದಿನ ಅಪೆಂಡಿಕ್ಸ್ ಬೇಕಿಲ್ಲ.

ಸ್ಪೀಕಿಂಗ್‌ನಲ್ಲಿ ಎರಡು ರೋಲ್ ಪ್ಲೇ, ಒಂದೊಂದು ಸುಮಾರು 5 ನಿಮಿಷ. ತಯಾರಿಗೆ 3 ನಿಮಿಷ ಸಿಗುತ್ತದೆ. ನಮ್ಮಲ್ಲಿ ಜಾಸ್ತಿ ಜನ ಸಲಹೆ ಕೊಡಲು ಆತುರಪಟ್ಟು ರೋಗಿಯ ಮಾತನ್ನು ಕೇಳುವುದೇ ಇಲ್ಲ. ರೋಗಿ "ನನಗೆ ಭಯ ಆಗ್ತಿದೆ" ಎಂದಾಗ ಮಾತ್ರೆಯ ಬಗ್ಗೆ ಹೇಳಲು ಹೊರಟರೆ ಅಂಕ ಹೋಯಿತು. ಮೊದಲು ಆ ಭಯದ ಬಗ್ಗೆ ಕೇಳಿ.

ಹಂತ 4: ಎನ್‌ಎಂಸಿ ಖಾತೆ ಮತ್ತು ಅರ್ಹತೆ ಪರಿಶೀಲನೆ

ಎನ್‌ಎಂಸಿ ವೆಬ್‌ಸೈಟ್‌ನಲ್ಲಿ ಖಾತೆ ತೆರೆದು, ಪಾಸ್‌ಪೋರ್ಟ್ ವಿವರ ಮತ್ತು ಓದಿನ ವಿವರ ತುಂಬಿ, ಅರ್ಹತೆ ಪರಿಶೀಲನೆಗೆ ಹಣ ಕಟ್ಟಬೇಕು. ಈ ಶುಲ್ಕ 140 ಪೌಂಡ್. ಆಮೇಲಿನವು ಸಿಬಿಟಿಗೆ 83, ಬ್ರಿಟನ್‌ನಲ್ಲಿ ಕೊಡುವ ಪ್ರಾಯೋಗಿಕ ಪರೀಕ್ಷೆ ಓಎಸ್‌ಸಿಇಗೆ 794, ಕೊನೆಯಲ್ಲಿ ನೋಂದಣಿಗೆ 153 ಪೌಂಡ್. ಇವು 2025ರ ದರಗಳು. ಹಾಗಾಗಿ ಕಟ್ಟುವ ದಿನ ಎನ್‌ಎಂಸಿ ಪುಟದಲ್ಲಿ ಒಮ್ಮೆ ನೋಡಿಯೇ ಕಟ್ಟಿ. ಕೆಲಸ ಕೊಡುವ ಆಸ್ಪತ್ರೆಗಳು ಇದರಲ್ಲಿ ಕೆಲವನ್ನು ವಾಪಸ್ ಕೊಡುವುದುಂಟು, ರಸೀದಿ ಎಸೆಯಬೇಡಿ.

ಕೋರ್ಸ್ ಶುರುವಾದ ಮತ್ತು ಮುಗಿದ ತಾರೀಖನ್ನು ನೆನಪಿನಿಂದ ಬರೆಯಬೇಡಿ. ನೀವು ಬರೆದ ತಾರೀಖಿಗೂ ಕೌನ್ಸಿಲ್ ಕಳಿಸಿದ ತಾರೀಖಿಗೂ ತಾಳೆಯಾಗದಿದ್ದರೆ ಪ್ರಶ್ನೆ ಬರುತ್ತದೆ. ನಾನು ಒಮ್ಮೆ ಹೀಗೆ ತಿಂಗಳು ತಪ್ಪು ಹಾಕಿ, ಅದನ್ನು ಸರಿಪಡಿಸಲು ಆರು ವಾರ ಕಳೆದೆ.

ಹಂತ 5: ಸಿಬಿಟಿ

ಇದು ಪಿಯರ್ಸನ್ ವ್ಯೂ ಕೇಂದ್ರದಲ್ಲಿ ಕಂಪ್ಯೂಟರ್ ಮುಂದೆ ಕೂತು ಬರೆಯುವ ಪರೀಕ್ಷೆ. ಭಾರತದಲ್ಲೇ ಬರೆಯಬಹುದು. ಎ ಭಾಗ ಔಷಧಿ ಲೆಕ್ಕ, 15 ಪ್ರಶ್ನೆ, 30 ನಿಮಿಷ. ಬಿ ಭಾಗ ನರ್ಸಿಂಗ್, 100 ಪ್ರಶ್ನೆ, ಎರಡೂವರೆ ಗಂಟೆ. ಒಂದು ಭಾಗ ಹೋದರೆ ಅದನ್ನು ಮಾತ್ರ ಮತ್ತೆ ಬರೆದರೆ ಸಾಕು.

ಲೆಕ್ಕದಲ್ಲಿ ತಪ್ಪುವುದು ಹೆಚ್ಚಾಗಿ ಯೂನಿಟ್. 0.25 ಮಿಲಿಗ್ರಾಂ ಎಂದರೆ 250 ಮೈಕ್ರೊಗ್ರಾಂ. ಕೊಡಬೇಕಾದದ್ದು 125 ಮೈಕ್ರೊಗ್ರಾಂ, ಮಾತ್ರೆ 62.5ರದ್ದು ಎಂದರೆ ಎರಡು ಮಾತ್ರೆ. ಡ್ರಿಪ್ ಲೆಕ್ಕ ನೋಡಿ: 1 ಲೀಟರ್ ಸಲೈನ್ 8 ಗಂಟೆಯಲ್ಲಿ ಹೋಗಬೇಕು, ಸೆಟ್‌ನಲ್ಲಿ 1 ಮಿಲಿಲೀಟರ್‌ಗೆ 20 ಹನಿ. 1000ವನ್ನು 20ರಿಂದ ಗುಣಿಸಿ 480 ನಿಮಿಷದಿಂದ ಭಾಗಿಸಿ. 41.67, ಅಂದರೆ ನಿಮಿಷಕ್ಕೆ 42 ಹನಿ. ನಾವು ವಾರ್ಡ್‌ನಲ್ಲಿ ಕಣ್ಣಂದಾಜಿನಲ್ಲಿ ಹನಿ ಬಿಟ್ಟು ಅಭ್ಯಾಸ ಮಾಡಿಕೊಂಡಿದ್ದೇವೆ, ಅಲ್ವಾ? ಇಲ್ಲಿ ಪ್ರತಿ ಸಲ ಪೂರ್ತಿ ಲೆಕ್ಕ ಮಾಡಿ.

ಬಿ ಭಾಗಕ್ಕೆ ಕಾಲೇಜಿನ ದಪ್ಪ ಪುಸ್ತಕಕ್ಕಿಂತ ಎನ್‌ಎಂಸಿಯ ನೀತಿ ಸಂಹಿತೆ, ಅವರು "ದಿ ಕೋಡ್" ಎನ್ನುವುದು, ಹೆಚ್ಚು ಉಪಯೋಗ. ರೋಗಿಯ ಒಪ್ಪಿಗೆ, ಗುಟ್ಟು ಕಾಯುವುದು, ತಪ್ಪಾದಾಗ ತಕ್ಷಣ ಹೇಳುವುದು, 2005ರ ಮೆಂಟಲ್ ಕೆಪಾಸಿಟಿ ಆಕ್ಟ್ ಇವೆಲ್ಲ ಬರುತ್ತವೆ. "ಡಾಕ್ಟರ್‌ಗೆ ಹೇಳಿ ಸುಮ್ಮನಿರುವುದು" ಎನ್ನುವ ಬಗೆಯ ಉತ್ತರ ನಮ್ಮ ಆಸ್ಪತ್ರೆಯಲ್ಲಿ ಸರಿ ಅನ್ನಿಸಬಹುದು. ಅಲ್ಲಿ ನರ್ಸ್ ತಾನೇ ನಿರ್ಧಾರ ತೆಗೆದುಕೊಂಡು ಅದಕ್ಕೆ ಹೊಣೆಯಾಗಬೇಕು.

ಅಪಾಯದ ಸೂಚನೆ: "ನೀವು ಬರೀ ಹೋಗಿ ಕೂತ್ಕೊಳ್ಳಿ, ಪಾಸ್ ನಮ್ಮ ಜವಾಬ್ದಾರಿ" ಎನ್ನುವವರಿಂದ ದೂರ ಇರಿ. ನೈಜೀರಿಯಾದ ಇಬಾದಾನ್‌ನ ಒಂದು ಕೇಂದ್ರದಲ್ಲಿ ಬಂದ ಫಲಿತಾಂಶಗಳ ಬಗ್ಗೆ 2023ರಲ್ಲಿ ಎನ್‌ಎಂಸಿ ತನಿಖೆ ನಡೆಸಿತು. ಆಗಲೇ ಬ್ರಿಟನ್ ತಲುಪಿ ಕೆಲಸ ಮಾಡುತ್ತಿದ್ದವರೂ ಅದರಲ್ಲಿ ಸಿಕ್ಕಿಕೊಂಡರು.

ಹಂತ 6: ಕೆಲಸ ಹುಡುಕುವುದು

2024ರಿಂದ ಬ್ರಿಟನ್‌ನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ವಿದೇಶಿ ನರ್ಸ್‌ಗಳನ್ನು ತೆಗೆದುಕೊಳ್ಳುವುದು ಬಹಳ ಕಡಿಮೆಯಾಗಿದೆ. ಇಂಗ್ಲಿಷ್, ಸಿಬಿಟಿ ಎರಡೂ ಮುಗಿಸಿ ತಿಂಗಳುಗಟ್ಟಲೆ ಇಂಟರ್‌ವ್ಯೂ ಸಿಗದೆ ಕಾಯುತ್ತಿರುವವರು ಇದ್ದಾರೆ. ಹಾಗಾಗಿ ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ವೀಸಾಗಾಗಿ ಕೆಲಸ ಕೊಡುವವರು ಕೊಡುವ ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್ ಕೈಗೆ ಬರುವವರೆಗೆ ಡ್ಯೂಟಿ ಮಾಡುತ್ತಲೇ ಇರಿ. ಐಸಿಯು, ಆಪರೇಷನ್ ಥಿಯೇಟರ್, ಡಯಾಲಿಸಿಸ್‌ನಂಥ ಕಡೆ ಇತ್ತೀಚಿನ ಅನುಭವ ಇದ್ದರೆ ಇಂಟರ್‌ವ್ಯೂನಲ್ಲಿ ಹೇಳಲು ಏನಾದರೂ ಇರುತ್ತದೆ.

ದುಡ್ಡಿನ ವಿಷಯಕ್ಕೆ ಬರೋಣ. ಕೆಲಸ ಹುಡುಕಿಕೊಡಲು ಅಭ್ಯರ್ಥಿಯಿಂದ ಹಣ ಪಡೆಯುವುದು ಬ್ರಿಟನ್ ಕಾನೂನಿನ ಪ್ರಕಾರ ತಪ್ಪು. ಭಾರತದಲ್ಲಿ ನೋಂದಾಯಿತ ಏಜೆಂಟ್ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಲಕ್ಷಗಳಲ್ಲಿ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಏಜೆಂಟ್ ನೋಂದಾಯಿತರೇ ಎಂದು ಕೇಂದ್ರ ಸರ್ಕಾರದ ಇಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು. ಕೆಲಸ ಕೊಡುವವರಿಗೆ ವೀಸಾ ಪ್ರಾಯೋಜಿಸುವ ಪರವಾನಗಿ ಇದೆಯೇ ಎಂಬ ಪಟ್ಟಿ ಬ್ರಿಟನ್ ಸರ್ಕಾರದ ವೆಬ್‌ಸೈಟ್‌ನಲ್ಲಿ ಎಲ್ಲರಿಗೂ ಸಿಗುತ್ತದೆ. ನಮ್ಮಲ್ಲೇ ಕರ್ನಾಟಕ ಕೌಶಲ್ಯ ಅಭಿವೃದ್ಧಿ ನಿಗಮದ ಅಡಿಯಲ್ಲಿ ಇಂಟರ್‌ನ್ಯಾಷನಲ್ ಮೈಗ್ರೇಷನ್ ಸೆಂಟರ್ ಇದೆ. ಖಾಸಗಿಯವರ ಬಾಗಿಲು ತಟ್ಟುವ ಮೊದಲು ಅಲ್ಲಿ ವಿಚಾರಿಸಿ.

"ಮೊದಲು ಕೇರ್ ವರ್ಕರ್ ವೀಸಾದಲ್ಲಿ ಹೋಗಿ, ಆಮೇಲೆ ನರ್ಸ್ ಆಗಿ" ಎಂದು ಈಗಲೂ ಕೆಲವರು ಹೇಳುತ್ತಾರೆ. ಹೊರದೇಶದಿಂದ ಹೊಸದಾಗಿ ಆ ವೀಸಾದಲ್ಲಿ ಹೋಗುವ ದಾರಿ 2025ರ ಜುಲೈ 22ರಂದು ಮುಚ್ಚಿದೆ. ಇದನ್ನು ದಯವಿಟ್ಟು ನಿಮ್ಮ ಜೂನಿಯರ್‌ಗಳಿಗೂ ತಿಳಿಸಿ. ಹೊಲ ಅಡ ಇಟ್ಟು ದುಡ್ಡು ಕೊಟ್ಟ ಮನೆಗಳಿವೆ.

ಆಫರ್ ಲೆಟರ್ ಬಂದಾಗ ಸಂಬಳದ ಸಾಲಿಗಿಂತ ಮೊದಲು ಬಾಂಡ್‌ನ ಸಾಲು ಓದಿ. ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್ ಕಟ್ಟಬೇಕು, ತಿಂಗಳು ಕಳೆದಂತೆ ಅದು ಇಳಿಯುತ್ತದೆಯೇ, ಓಎಸ್‌ಸಿಇ ಪಾಸಾಗದಿದ್ದರೆ ಏನು ಎನ್ನುವುದು ಬರವಣಿಗೆಯಲ್ಲಿ ಇರಬೇಕು.

ಹಂತ 7: ಪಿಸಿಸಿ, ಟಿಬಿ ಪರೀಕ್ಷೆ, ವೀಸಾ

ಇವು ಬೇಗ ಹಳೆಯದಾಗುವ ದಾಖಲೆಗಳು, ಅದಕ್ಕೇ ಕೊನೆಯಲ್ಲಿಟ್ಟಿದ್ದೇನೆ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಅನ್ನು ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕ ಮಾಡಿಸಿ. ಕಳೆದ 10 ವರ್ಷದಲ್ಲಿ ಬೇರೆ ದೇಶದಲ್ಲಿ 12 ತಿಂಗಳು ಅಥವಾ ಹೆಚ್ಚು ಇದ್ದಿದ್ದರೆ ವೀಸಾಗೆ ಅಲ್ಲಿಯದೂ ಬೇಕು. ಗಲ್ಫ್‌ನಿಂದ ಬಿಟ್ಟು ಬರುವಾಗಲೇ ತಂದರೆ ಸುಲಭ. ಟಿಬಿ ಪರೀಕ್ಷೆ ಬ್ರಿಟನ್ ಸರ್ಕಾರ ಒಪ್ಪಿದ ಕ್ಲಿನಿಕ್‌ನಲ್ಲೇ ಆಗಬೇಕು, ನಿಮ್ಮ ಆಸ್ಪತ್ರೆಯ ಎಕ್ಸ್‌ರೇ ನಡೆಯುವುದಿಲ್ಲ. ಆ ಸರ್ಟಿಫಿಕೇಟ್‌ಗೆ 6 ತಿಂಗಳ ಅವಧಿ. ನರ್ಸ್‌ಗಳಿಗೆ ಸಿಗುವ ಹೆಲ್ತ್ ಅಂಡ್ ಕೇರ್ ವೀಸಾದವರಿಗೆ ಆರೋಗ್ಯ ಸರ್‌ಚಾರ್ಜ್ ಇಲ್ಲ. ಖರ್ಚಿಗೆ 1,270 ಪೌಂಡ್ 28 ದಿನ ಖಾತೆಯಲ್ಲಿ ಇರಬೇಕು, ಕೆಲಸ ಕೊಡುವವರು ಜವಾಬ್ದಾರಿ ತೆಗೆದುಕೊಂಡರೆ ಅದೂ ಬೇಡ.

ಹಂತ 8: ಓಎಸ್‌ಸಿಇ

ಇದು ಬ್ರಿಟನ್‌ನಲ್ಲೇ ನಡೆಯುವ ಪ್ರಾಯೋಗಿಕ ಪರೀಕ್ಷೆ. ಆಕ್ಸ್‌ಫರ್ಡ್ ಬ್ರೂಕ್ಸ್, ನಾರ್ಥಾಂಪ್ಟನ್, ಅಲ್ಸ್ಟರ್, ನಾರ್ಥಂಬ್ರಿಯಾ ವಿಶ್ವವಿದ್ಯಾಲಯಗಳು ಮತ್ತು ಲೀಡ್ಸ್ ಟೀಚಿಂಗ್ ಹಾಸ್ಪಿಟಲ್ಸ್ ಇದನ್ನು ನಡೆಸುತ್ತವೆ. ಕೆಲಸಕ್ಕೆ ಸೇರಿದ 12 ವಾರದೊಳಗೆ ಮೊದಲ ಪ್ರಯತ್ನ ಮಾಡಬೇಕು. ಒಂದು ಅರ್ಜಿಗೆ ಮೂರು ಅವಕಾಶ. ಮೂರೂ ಹೋದರೆ 6 ತಿಂಗಳು ಕಾಯಬೇಕು, ಅಷ್ಟರಲ್ಲಿ ವೀಸಾಗೂ ಕುತ್ತು ಬರುತ್ತದೆ.

ಒಟ್ಟು 10 ಸ್ಟೇಷನ್, ಅಂದರೆ ಒಂದೊಂದು ಕೆಲಸಕ್ಕೆ ಒಂದೊಂದು ಪರೀಕ್ಷಾ ಹಂತ. ರೋಗಿಯನ್ನು ಪರೀಕ್ಷಿಸುವುದು, ಯೋಜನೆ ಬರೆಯುವುದು, ಔಷಧಿ ಕೊಡುವುದು, ಆದದ್ದನ್ನು ಮುಂದಿನವರಿಗೆ ಒಪ್ಪಿಸುವುದು, ಈ ನಾಲ್ಕು ಒಂದೇ ರೋಗಿಯ ಸುತ್ತ ನಡೆಯುತ್ತವೆ. ಇನ್ನು ನಾಲ್ಕು ಕೈಕೆಲಸದ ಕೌಶಲ, ಎರಡು ಬರವಣಿಗೆ.

ಕೈಕೆಲಸದಲ್ಲಿ ನಮ್ಮವರು ಹಿಂದೆ ಇಲ್ಲ. ಕ್ಯಾನುಲಾ ಹಾಕುವುದರಲ್ಲಿ ನಮಗಿರುವ ಕೈ ಬೇರೆಯವರಿಗೆ ಅಪರೂಪ. ಆದರೆ ಸಣ್ಣ ಅಭ್ಯಾಸಗಳು ಕೈಕೊಡುತ್ತವೆ. ನಮ್ಮ ವಾರ್ಡ್‌ನಲ್ಲಿ "ಅಜ್ಜಿ, ಕೈ ಕೊಡಿ" ಎಂದು ಪ್ರೀತಿಯಿಂದ ಹೇಳುತ್ತಲೇ ಬಿಪಿ ಪಟ್ಟಿ ಸುತ್ತಿರುತ್ತೇವೆ. ಅಲ್ಲಿ ನಿಮ್ಮ ಹೆಸರು ಹೇಳಿ, ಅವರನ್ನು ಹೇಗೆ ಕರೆಯಬೇಕು ಎಂದು ಕೇಳಿ, ಏನು ಮಾಡುತ್ತೀರಿ ಎಂದು ವಿವರಿಸಿ, ಒಪ್ಪಿಗೆ ಪಡೆದ ಮೇಲೆಯೇ ಮುಟ್ಟಬೇಕು. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಚಾರ್ಟ್‌ನಲ್ಲಿ ಅಂದಾಜಿಗೆ 20 ಎಂದು ಬರೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಔಷಧಿ ಸ್ಟೇಷನ್‌ನಲ್ಲಿ ರೋಗಿಯ ಹೆಸರು, ಜನ್ಮದಿನ, ಅಲರ್ಜಿ ಮೂರನ್ನೂ ಬಾಯಲ್ಲಿ ಕೇಳಿ, ಕೈಪಟ್ಟಿ ಮತ್ತು ಚಾರ್ಟ್ ಜೊತೆ ತಾಳೆ ನೋಡಿ. ಪೆನಿಸಿಲಿನ್ ಅಲರ್ಜಿ ಇರುವವರಿಗೆ ಅದೇ ಗುಂಪಿನ ಔಷಧಿ ಬರೆದಿದ್ದರೆ ಕೊಡದೆ ನಿಲ್ಲಿಸಿ, ಕಾರಣ ಬರೆಯಬೇಕು. ಬರೆಯುವಾಗ ತಪ್ಪಾದರೆ ಒಂದೇ ಗೆರೆ ಎಳೆದು ಸಹಿ ಮಾಡಿ, ಮೇಲೆ ತಿದ್ದಿ ಬರೆಯಬೇಡಿ. ಪ್ರತಿ ಕಡೆ ದಿನಾಂಕ, ಸಮಯ, ಸಹಿ ಇರಲಿ.

ರೋಗಿಯ ಸ್ಥಿತಿ ಹದಗೆಡುತ್ತಿದೆಯೇ ಎಂದು ಅಳೆಯುವ ನ್ಯೂಸ್ 2 ಎಂಬ ಅಂಕಪಟ್ಟಿಯನ್ನು ಬಾಯಿಪಾಠ ಆಗುವಷ್ಟು ಅಭ್ಯಾಸ ಮಾಡಿ. ಒಂದು ಉದಾಹರಣೆ. ಎಚ್ಚರವಾಗಿರುವ, ಆಕ್ಸಿಜನ್ ಹಾಕದ ರೋಗಿ. ಉಸಿರು 22, ಅದಕ್ಕೆ 2 ಅಂಕ. ಆಕ್ಸಿಜನ್ ಮಟ್ಟ 94, ಅದಕ್ಕೆ 1. ಮೇಲಿನ ಬಿಪಿ 105, ಅದಕ್ಕೆ 1. ನಾಡಿ 112, ಅದಕ್ಕೆ 2. ಜ್ವರ 38.4, ಅದಕ್ಕೆ 1. ಒಂದೊಂದನ್ನೇ ನೋಡಿದರೆ ಯಾವುದೂ ಗಾಬರಿ ಹುಟ್ಟಿಸುವುದಿಲ್ಲ. ಕೂಡಿಸಿದರೆ 7, ಅಂದರೆ ತುರ್ತು ತಂಡವನ್ನು ಕರೆಯಬೇಕು. 5 ಬಂದರೂ ತಡಮಾಡದೆ ಡಾಕ್ಟರ್ ನೋಡುವಂತೆ ಮಾಡಬೇಕು.

ಏಳು ಅಥವಾ ಕಡಿಮೆ ಸ್ಟೇಷನ್ ಹೋದರೆ ಅವನ್ನಷ್ಟೇ ಅರ್ಧ ಶುಲ್ಕದಲ್ಲಿ ಮತ್ತೆ ಬರೆಯಬಹುದು. ಹೋದ ಕಾರಣವನ್ನು ಫಲಿತಾಂಶದಲ್ಲಿ ಕೊಟ್ಟಿರುತ್ತಾರೆ. ಬೇಸರದಲ್ಲಿ ಮುಚ್ಚಿಡದೆ, ವಾರ್ಡ್‌ನ ಶಿಕ್ಷಕರ ಮುಂದೆ ಇಟ್ಟು ಅದನ್ನೇ ಅಭ್ಯಾಸ ಮಾಡಿ.

ಹಂತ 9: ಪಿನ್ ಬಂದ ದಿನ

ಕೊನೆಯ ಶುಲ್ಕ ಕಟ್ಟಿ, ಪಿನ್ ಬಂದ ಕೂಡಲೇ ಎನ್‌ಎಂಸಿ ಸಾರ್ವಜನಿಕ ಪಟ್ಟಿಯಲ್ಲಿ ನಿಮ್ಮ ಹೆಸರು ಹುಡುಕಿ, ಅಕ್ಷರ ಸರಿಯಿದೆಯೇ ನೋಡಿ. ಪಿನ್ ಬರುವವರೆಗೆ ಬ್ಯಾಂಡ್ 4, ಅಂದರೆ ನೋಂದಾಯಿತ ನರ್ಸ್‌ನ ಬ್ಯಾಂಡ್ 5ಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಸಂಬಳ ಕೊಡುವ ಆಸ್ಪತ್ರೆಗಳು ಹೆಚ್ಚು. ಇಂಗ್ಲೆಂಡ್‌ನಲ್ಲಿ 2025-26ಕ್ಕೆ ಬ್ಯಾಂಡ್ 5ರ ಆರಂಭ ವರ್ಷಕ್ಕೆ 31,049 ಪೌಂಡ್. ಯಾವ ದಿನದಿಂದ ಬ್ಯಾಂಡ್ 5 ಲೆಕ್ಕ ಹಾಕುತ್ತಾರೆ ಎಂದು ಮ್ಯಾನೇಜರ್ ಹತ್ತಿರ ಇಮೇಲ್‌ನಲ್ಲಿ ಕೇಳಿಕೊಳ್ಳಿ.

ಈ ನೋಂದಣಿಯನ್ನು ಮೂರು ವರ್ಷಕ್ಕೊಮ್ಮೆ ಉಳಿಸಿಕೊಳ್ಳಬೇಕು. ಅದಕ್ಕೆ 450 ಗಂಟೆ ಕೆಲಸ, 35 ಗಂಟೆ ಕಲಿಕೆ, ಐದು ಜನರ ಅಭಿಪ್ರಾಯ, ನಿಮ್ಮ ಕೆಲಸದ ಬಗ್ಗೆ ನೀವೇ ಬರೆದ ಐದು ಟಿಪ್ಪಣಿ ಬೇಕು. ಮೊದಲ ವಾರದಿಂದಲೇ ಒಂದು ನೋಟ್‌ಬುಕ್ ಇಟ್ಟು, ತರಬೇತಿಗೆ ಹೋದ ದಿನ ಮತ್ತು ಗಂಟೆ ಬರೆಯುತ್ತಾ ಹೋಗಿ.